ಬಂಡೆಯೊಳಗಿನ ಗೆರೆಗಳು

ಮಕ್ಕಳೇ, ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ಶಿವಾಜಿನಗರಕ್ಕೆ ನಡೆದು ಹೋಗಲು ಅರ್ಧ ಗಂಟೆಯೂ ಬೇಡ. ಆದರೆ ನೆಲದಡಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ ಕೊರೆಯಲು ಮೆಟ್ರೊದ ‘ಊರ್ಜಾ’ ಎಂಬ ಸುರಂಗ ಯಂತ್ರಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 2020ರಲ್ಲಿ ಹೊರಟದ್ದು 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರ ಮುಟ್ಟಿತು. ನಮ್ಮ ಊರಿನ ಅಡಿಯಲ್ಲಿರುವ ಬಂಡೆ ಅಷ್ಟು ಗಟ್ಟಿ.

ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಲ್ಲವೂ ಇದೇ ಬಂಡೆಯ ಮೇಲೆ ಕೂತಿವೆ. ಬೋರ್‌ವೆಲ್ ಕೊರೆಯುವಾಗ ಬೂದು ಪುಡಿ ಏಳುವುದನ್ನು ನೋಡಿದ್ದೀರಲ್ಲ, ಅದು ಇದರದೇ ಪುಡಿ. ಲಾಲ್‌ಬಾಗಿನಲ್ಲಿ ಈ ಬಂಡೆ ನೆಲದಿಂದ ಮೇಲೆದ್ದು ನಿಂತಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ‘ಪೆನಿನ್ಸುಲರ್ ನೀಸ್’ ಎಂದು ಹೆಸರಿಟ್ಟರು. ಇದರ ವಯಸ್ಸು ಸುಮಾರು 250ರಿಂದ 340 ಕೋಟಿ ವರ್ಷ. ಬಂಡೆಯೊಳಗೆ ಜಿರ್ಕಾನ್ ಎಂಬ ಪುಟ್ಟ ಹರಳುಗಳಿರುತ್ತವೆ. ಅವುಗಳಲ್ಲಿರುವ ಯುರೇನಿಯಂ ಬಹಳ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ.

ಈ ಬಂಡೆಯಲ್ಲಿ ಕಪ್ಪು ಬಿಳಿ ಗೆರೆಗಳು ಅಲೆ ಅಲೆಯಾಗಿ ಓಡುತ್ತವೆ. ನನಗೆ ಬಹಳ ಇಷ್ಟವಾದದ್ದು ಅವು ಮೂಡಿದ ಬಗೆ. ಮೊದಲು ಇಲ್ಲಿದ್ದದ್ದು ಗ್ರಾನೈಟಿನಂಥ ಕಲ್ಲು. ಬೆಣಚುಕಲ್ಲಿನ ಕಣ, ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಎಲ್ಲವೂ ಅದರಲ್ಲಿ ಹೇಗೆಂದರೆ ಹಾಗೆ ಬೆರೆತಿದ್ದವು. ಅದು ಎಷ್ಟೋ ಕಿಲೋಮೀಟರ್ ಆಳಕ್ಕೆ ಸೇರಿದಾಗ ಸುತ್ತಲೂ ಆರೇಳು ನೂರು ಡಿಗ್ರಿ ಬಿಸಿ, ಮೇಲಿನಿಂದಲೂ ಪಕ್ಕದಿಂದಲೂ ಒತ್ತಡ. ಕೆಲವು ಕಡೆ ಕಲ್ಲು ಸ್ವಲ್ಪ ಕರಗಿದ್ದೂ ಉಂಟು. ಉಳಿದ ಕಡೆ ಕರಗಲಿಲ್ಲ, ಪುಡಿಯೂ ಆಗಲಿಲ್ಲ. ಗಟ್ಟಿಯಾಗಿದ್ದ ಹಾಗೆಯೇ ಒಳಗಿನ ಕಣಗಳು ಬಹಳ ನಿಧಾನವಾಗಿ ಸರಿಯುತ್ತಾ ಹೊಸ ಜಾಗ ಹಿಡಿದವು. ಅಭ್ರಕದ ಹಾಳೆಗಳು ಒಂದೇ ದಿಕ್ಕಿಗೆ ಮಲಗಿದವು. ಕಪ್ಪು ಒಂದು ಸಾಲು, ಬಿಳುಪು ಒಂದು ಸಾಲು. ಆ ಕಾಲದಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ಜೀವಮಾನವಿಡೀ ನೋಡಿದ್ದರೂ ಏನೂ ನಡೆಯುತ್ತಿಲ್ಲ ಎಂದೇ ಹೇಳುತ್ತಿದ್ದರು.

ಕಣ್ಣಿಗೆ ಕಾಣದ ಈ ನಿಧಾನದ ಬದಲಾವಣೆಯನ್ನು ನೆನೆದಾಗ, ಸಂಡೇ ಸ್ಕೂಲಿನ ಮಕ್ಕಳೂ, ಧರ್ಮೋಪದೇಶಕ್ಕೆ ಹೋಗುವ ಮಕ್ಕಳೂ ಕೇಳುವ ಒಂದು ಪ್ರಶ್ನೆ ನೆನಪಾಗುತ್ತದೆ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ನವದಿನ ಪ್ರಾರ್ಥನೆ ನಡೆಯುತ್ತದೆ. ಒಂಬತ್ತು ದಿನವೂ ಒಬ್ಬ ಹುಡುಗ ‘ಯೇಸುವೇ, ನನ್ನ ಸಿಟ್ಟು ತೆಗೆದುಬಿಡು’ ಎಂದು ಬೇಡಿದ ಎನ್ನಿ. ಹಬ್ಬದ ತೇರು ನೋಡಿ ಬಂದ. ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಪೆನ್ಸಿಲ್ ಡಬ್ಬಿಗಾಗಿ ಮತ್ತೆ ಜಗಳ. ಹಾಗಾದರೆ ದೇವರು ಕೇಳಿಸಿಕೊಳ್ಳಲಿಲ್ಲವೇ?

ಕೇಳಿಸಿಕೊಂಡಿದ್ದಾನೆ ಎಂದು ನಾನು ಮನಸಾರೆ ನಂಬುತ್ತೇನೆ. ಆತ ನಮ್ಮನ್ನು ಕರಗಿಸಿ ಬೇರೆ ಯಾರನ್ನೋ ಎರಕ ಹೊಯ್ಯುವುದಿಲ್ಲ. ನಗುವ ಹುಡುಗಿ ನಗುವವಳಾಗಿಯೇ ಇರುತ್ತಾಳೆ, ಮಾತು ಕಡಿಮೆಯವನು ಹಾಗೆಯೇ ಇರುತ್ತಾನೆ. ಬಂಡೆಯ ಕಣಗಳ ಹಾಗೆ ಒಳಗಿನದು ಮಾತ್ರ ನಿಧಾನಕ್ಕೆ ದಿಕ್ಕು ಬದಲಿಸುತ್ತದೆ. ಮೊದಲು ದಿನವಿಡೀ ಇರುತ್ತಿದ್ದ ಸಿಟ್ಟು ಈಗ ಊಟದ ಬೆಲ್ ಹೊಡೆಯುವಷ್ಟರಲ್ಲಿ ಇಳಿದರೆ, ಅದೂ ಆತನದೇ ಕೆಲಸ.

ಪೇತ್ರನನ್ನೇ ನೋಡಿ. ಯೇಸುವಿನ ಜೊತೆಗೇ ಇದ್ದು, ಕಷ್ಟ ಬಂದ ರಾತ್ರಿ ‘ಆತನನ್ನು ನಾನರಿಯೆ’ ಎಂದು ಮೂರು ಸಲ ಹೇಳಿಬಿಟ್ಟ. ಆಮೇಲೆ ಅತ್ತ. ಪಂಚಾಶತ್ತಮ ಹಬ್ಬದಂದು ಸಾವಿರಾರು ಜನರ ಮುಂದೆ ಧೈರ್ಯವಾಗಿ ನಿಂತ. ಇನ್ನು ಕೆಲಸ ಮುಗಿಯಿತು ಎನ್ನುವ ಹಾಗಿಲ್ಲ, ಎಷ್ಟೋ ವರ್ಷದ ನಂತರ ಅಂತಿಯೋಕ್ಯ ಎಂಬ ಊರಿನಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣಲು ಮತ್ತೆ ಹೆದರಿ ಹಿಂದೆ ಸರಿದ. ಇನ್ನೊಬ್ಬ ಅಪೊಸ್ತಲನಾದ ಪೌಲ ಎದುರಿಗೇ ಗದರಿಸಬೇಕಾಯಿತು. ಅಂಥ ಪೇತ್ರನನ್ನೂ ದೇವರು ಕೈಬಿಡಲಿಲ್ಲ.

ಒಂದು ವ್ಯತ್ಯಾಸ ಹೇಳಲೇಬೇಕು. ಕಲ್ಲಿಗೆ ಮನಸ್ಸಿಲ್ಲ, ಅದು ಬೇಡ ಎನ್ನಲಾರದು, ಆಗಲಿ ಎಂದೂ ಹೇಳಲಾರದು. ನಿಮಗೆ ಎರಡೂ ಬರುತ್ತವೆ. ಹಾಗೆಯೇ, ಒತ್ತಡದಿಂದ ಬಂಡೆಯಲ್ಲಿ ಗೆರೆ ಮೂಡಿತು ಎಂದ ಮಾತ್ರಕ್ಕೆ ಮಕ್ಕಳಿಗೆ ಬರುವ ಪ್ರತಿ ನೋವನ್ನೂ ದೇವರೇ ಕಳಿಸುತ್ತಾನೆ ಎಂದುಕೊಳ್ಳಬೇಡಿ. ಯಾರಾದರೂ ನೋಯಿಸುತ್ತಿದ್ದರೆ ಸುಮ್ಮನೆ ಸಹಿಸಬಾರದು, ಅಮ್ಮನಿಗೋ ಟೀಚರಿಗೋ ಹೇಳಬೇಕು.

ಈ ಭಾನುವಾರ ಪೂಜೆಯೋ ಆರಾಧನೆಯೋ ಮುಗಿದ ಮೇಲೆ ದಾರಿಯಲ್ಲಿ ಹಳೆಯ ಚಪ್ಪಡಿ ಕಲ್ಲೋ ಅಡಿಪಾಯದ ಸೈಜುಗಲ್ಲೋ ಸಿಕ್ಕರೆ ಬಾಟಲಿಯಿಂದ ಸ್ವಲ್ಪ ನೀರು ಸುರಿದು ನೋಡಿ. ಒದ್ದೆಯಾದ ಕಲ್ಲಿನಲ್ಲಿ ಗೆರೆ ಚೆನ್ನಾಗಿ ಕಾಣುತ್ತದೆ. ಭೂತಗನ್ನಡಿ ಇದ್ದರೆ ಕಪ್ಪು ಸಾಲಿನಲ್ಲಿ ಮಿನುಗುವ ಚೂರುಗಳನ್ನು ಹುಡುಕಿ. ಅವೇ ಅಭ್ರಕದ ಹಾಳೆಗಳು. ಎಲ್ಲವೂ ಯಾವ ದಿಕ್ಕಿಗೆ ಮಲಗಿವೆ ಎಂದು ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕಿಕೊಳ್ಳಿ.