ಗಾಡಿ ನಮ್ಮದು, ಆರೈಕೆಯೂ ನಮ್ಮದೇ
(ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಮಕ್ಕಳು ಬಂದು ‘ಅಣ್ಣ, ನೀವೂ ನಾಲ್ಕು ಮಾತು ಆಡ್ಬೇಕು’ ಅಂದಾಗ ನನಗೆ ಹೆದರಿಕೆಯೇ ಆಯಿತು. ವೇದಿಕೆಯಲ್ಲಿ ದೊಡ್ಡ ದೊಡ್ಡ ಓದಿದವರಿದ್ದಾರೆ, ನನ್ನ ಕೈಯಲ್ಲಿ ಇರುವುದು ಒಂದು ಸ್ಪಾನರ್. ಆದರೆ ಮತ್ತೆ ಯೋಚಿಸಿದೆ. ನಾನು ಸಣ್ಣವನಿದ್ದಾಗ ನಮ್ಮ ಈ ಗುಡ್ಡೆಯಲ್ಲಿ ಇದ್ದದ್ದು ಎರಡೇ ಸೈಕಲ್. ಈಗ ಆಟೋ ಉಂಟು, ಪಿಕಪ್ ಉಂಟು, ಹಳೇ ಓಮ್ನಿ ಉಂಟು, ಆಲ್ಟೋ ಉಂಟು. ಹೆಚ್ಚಿನವು ಸಾಲದ ಗಾಡಿಗಳು. ಒಂದು ವಾರ ಗಾಡಿ ನಿಂತರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಮನೆಯಲ್ಲಿ ನಿದ್ದೆ ನಿಲ್ಲುತ್ತದೆ. ಹಾಗಾಗಿ ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ.

ಮೊದಲು ಎರಡು ಹಳೆಯ ಸಂಗತಿ. 1893ರಲ್ಲಿ, ತಿರುವನಂತಪುರದ ಹತ್ತಿರದ ವೆಂಙಾನೂರಿನಲ್ಲಿ, ಅಯ್ಯಂಕಾಳಿಯವರು ಒಂದು ವಿಲ್ಲುಗಾಡಿ ಕೊಂಡುಕೊಂಡರು. ಎರಡು ಬಿಳಿ ಎತ್ತು ಕಟ್ಟಿದರು, ಕೊರಳಿಗೆ ಗಂಟೆ ಕಟ್ಟಿದರು, ತಲೆಗೆ ಮುಂಡಾಸು ಸುತ್ತಿ ಪುಲಯರಿಗೆ ಕಾಲಿಡಲೂ ಬಿಡದ ರಾಜಮಾರ್ಗದಲ್ಲಿ ಗಾಡಿ ಓಡಿಸಿದರು. ಇಂದು ನಾವು ಹಾರ್ನ್ ಹಾಕಿಕೊಂಡು ಹೋಗುವ ಮಾರ್ಗ ಸುಮ್ಮನೆ ಸಿಕ್ಕಿದ್ದಲ್ಲ.

ಇನ್ನೊಂದು ಬಾಬಾಸಾಹೇಬರದ್ದು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. 1929ರಲ್ಲಿ ಮಹಾರಾಷ್ಟ್ರದ ಚಾಳೀಸ್‌ಗಾಂವ್‌ನಲ್ಲಿ ರೈಲಿನಿಂದ ಇಳಿದರು. ಮುಟ್ಟಬಾರದವರನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಬೇಕಾದರೆ ಬಾಡಿಗೆಗೆ ಟಾಂಗಾ ಕೊಡ್ತೇನೆ, ನಾನು ಓಡಿಸುವುದಿಲ್ಲ ಅಂದ ಒಬ್ಬ. ಸಾಹೇಬರನ್ನು ನಡೆಸಿಕೊಂಡು ಹೋಗುವುದು ಮರ್ಯಾದೆ ಅಲ್ಲ ಎಂದು ನಮ್ಮವರೇ ಒಬ್ಬರು ಕುದುರೆಯ ಹಗ್ಗ ಹಿಡಿದರು. ಅವರಿಗೆ ಓಡಿಸಿ ಗೊತ್ತಿರಲಿಲ್ಲ. ಮೋರಿಯ ಮೇಲೆ ಚಕ್ರ ಸಿಕ್ಕಿಬಿತ್ತು, ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು, ಕುದುರೆ-ಟಾಂಗಾ ಹೊಳೆಗೆ ಬಿತ್ತು. ಆ ಮನುಷ್ಯನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಕೆಲಸ ಕಲಿಯುವ ಅವಕಾಶದಲ್ಲಿ. ನಮಗೆ ಈಗ ಆ ಅವಕಾಶ ಉಂಟು. ಗಾಡಿ ಕೊಂಡರೆ ಗೌರವ ಅರ್ಧ ಬಂತು. ಉಳಿದರ್ಧ ಅದನ್ನು ನೋಡಿಕೊಳ್ಳಲು ಕಲಿತರೆ ಮಾತ್ರ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಜುಲಾಯಿ ತಿಂಗಳು, ರಾತ್ರಿ ಒಂದೂವರೆ ಗಂಟೆ. ನೆರೆಮನೆಯ ಮಾವನಿಗೆ ಬಾಯಿ ಓರೆಯಾಗಿ ಮಾತು ತೊದಲಿತು. ನನ್ನ ಓಮ್ನಿಯಲ್ಲಿ ಮಲಗಿಸಿಕೊಂಡು ಹೊರಟೆವು. ಚೆರ್ಕಳ ತಲುಪುವ ಮೊದಲು, ಏರಿನಲ್ಲಿ, ಸೀಟಿನ ಅಡಿಯಿಂದ ಬುಸ್ಸೆಂದು ಹಬೆ ಬಂತು. ರೇಡಿಯೇಟರಿನ ರಬ್ಬರ್ ಹೋಸ್ ಒಡೆದಿತ್ತು. ಸುರಿಯುವ ಮಳೆಯಲ್ಲಿ ಬೇರೆ ಜೀಪು ಬರುವವರೆಗೆ ಅರ್ಧ ಗಂಟೆ ಕಾದೆವು. ಮಾವ ಬದುಕಿದರು. ಇವತ್ತು ಇಲ್ಲೇ ಕೂತಿದ್ದಾರೆ. ಆದರೆ ಎಡಗೈ ಏಳುವುದಿಲ್ಲ. ಆ ಅರ್ಧ ಗಂಟೆಯಿಂದಲೇ ಹೀಗಾಯಿತೋ, ಹೇಳಲಾಗದು. ಅವರು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಭಾರ. ಯಾಕೆಂದರೆ ಆ ಹೋಸ್ ಉಬ್ಬಿದ್ದನ್ನು ನಾನು ಮೂರು ವಾರ ಮೊದಲೇ ನೋಡಿದ್ದೆ. ದಿನಾ ಬೇರೆಯವರ ಗಾಡಿ ಬಿಚ್ಚುವವನು ನಾನು. ನನ್ನದಕ್ಕೆ ‘ನಾಳೆ ನೋಡುವ’ ಅಂದೆ.

ನಮ್ಮ ಊರಿನ ಸ್ಥಿತಿ ನಿಮಗೆ ಗೊತ್ತುಂಟು. ಕಾಯಿಲೆ ಸ್ವಲ್ಪ ದೊಡ್ಡದಾದರೆ ಮಂಗಳೂರಿಗೇ ಓಡಬೇಕು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ತೀರಿಕೊಂಡರು. ಗಡಿ ಮುಚ್ಚುವುದು ನಮ್ಮ ಕೈಯಲ್ಲಿ ಇಲ್ಲ. ಆಸ್ಪತ್ರೆಗಾಗಿ ಹೋರಾಟ ಮಾಡಲೇಬೇಕು, ಮಾಡೋಣ. ಆದರೆ ಹೋಸ್ ಬದಲಿಸುವುದು ನಮ್ಮ ಕೈಯಲ್ಲೇ ಉಂಟು.

ಹಾಗಾದರೆ ಎಂತ ಮಾಡ್ಬೇಕು? ಬಾನೆಟ್ ತೆರೆಯಿರಿ. ಓಮ್ನಿಯಾದರೆ ಸೀಟು ಎತ್ತಿ.

ಮೊದಲು ಎಂಜಿನ್ ಆಯಿಲ್. ಸಮತಟ್ಟು ಜಾಗದಲ್ಲಿ, ಎಂಜಿನ್ ಆರಿದ ಮೇಲೆ, ಕಡ್ಡಿ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಹಾಲು ಹಾಕಿದ ಚಾದ ಬಣ್ಣ ಬಂದಿದ್ದರೆ ಆಯಿಲಿಗೆ ನೀರು ಸೇರಿದೆ ಎಂದು ಅರ್ಥ. ಮತ್ತೆ ಓಡಿಸಬೇಡಿ. ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಕಿಲೋಮೀಟರ್ ಆಗದಿದ್ದರೂ ಅದರಲ್ಲಿ ಹೇಳಿದ ತಿಂಗಳು ಆದರೆ ಬದಲಿಸಿ. ಆಯಿಲಿನ ಜೊತೆ ಫಿಲ್ಟರ್ ಕೂಡ.

ಎರಡನೆಯದು ಕೂಲಂಟ್. ನಮ್ಮಲ್ಲಿ ಹಲವರು ಬಾವಿ ನೀರು ಹೊಯ್ಯುತ್ತಾರೆ. ಬರೇ ನೀರಿನಿಂದ ಒಳಗೆ ತುಕ್ಕು ಹಿಡಿಯುತ್ತದೆ, ಕೊಳವೆ ಕಟ್ಟುತ್ತದೆ. ಕೂಲಂಟ್ ತುಕ್ಕು ತಡೆಯುತ್ತದೆ, ಬೇಗ ಕುದಿಯಲೂ ಬಿಡುವುದಿಲ್ಲ. ಎಂಜಿನ್ ಬಿಸಿ ಇರುವಾಗ ಮಾತ್ರ ಮುಚ್ಚಳ ತೆರೆಯಬೇಡಿ, ಮುಖ ಸುಡುತ್ತದೆ. ತಣ್ಣಗಿರುವಾಗ ಹೋಸ್ ಹಿಚುಕಿ ನೋಡಿ. ಉಬ್ಬಿದ್ದರೆ, ಬಿರಿದಿದ್ದರೆ, ತೀರಾ ಮೆತ್ತಗಾಗಿದ್ದರೆ ಅವತ್ತೇ ಬದಲಿಸಿ. ‘ನಾಳೆ’ ಬೇಡ. ಬೆಲ್ಟನ್ನೂ ನೋಡಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀಚ್ ಎಂದು ಕೂಗಿದರೆ ಅದು ನಿಮಗೆ ಕಾಗದ ಬರೆದ ಹಾಗೆ.

ಮೂರನೆಯದು ಬ್ರೇಕ್. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ. ನಾಲ್ಕು ತಿಂಗಳು ಮಳೆ ಬೀಳುವ ನಮ್ಮ ಊರಿನಲ್ಲಿ ಕೇಳಬೇಕೇ? ನೀರು ಸೇರಿದ ಎಣ್ಣೆ ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಕುದಿಯುತ್ತದೆ, ಪೆಡಲ್ ಒತ್ತಿದರೆ ಹತ್ತಿಯ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಗೇರ್ ತಗ್ಗಿಸಿ ಇಳಿಯಿರಿ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗಬೇಡಿ. ನೀರು ದಾಟಿದ ಮೇಲೆ ನಿಧಾನ ಹೋಗುತ್ತಾ ಬ್ರೇಕನ್ನು ಎರಡು ಮೂರು ಸಲ ಮೆಲ್ಲ ಒತ್ತಿ, ಅದು ಒಣಗುತ್ತದೆ.

ನಾಲ್ಕನೆಯದು ಟಯರ್. ಕಾರು, ಪಿಕಪ್‌ಗಳಲ್ಲಿ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನು ಪ್ರಕಾರವೂ ತಪ್ಪು, ಜೀವಕ್ಕೂ ಅಪಾಯ. ಅಳತೆ ಬೇಡ, ಗೀರಿನ ಒಳಗೆ ಸಣ್ಣ ದಿಣ್ಣೆಗಳುಂಟು. ಟಯರ್ ಸವೆದು ಅದಕ್ಕೆ ಸಮ ಬಂದರೆ ಆಯುಷ್ಯ ಮುಗಿಯಿತು. ಗಾಳಿಯನ್ನು ಟಯರ್ ತಣ್ಣಗಿರುವಾಗಲೇ ನೋಡಿಸಿ. ಸ್ಟೆಪ್ನಿಯಲ್ಲೂ ಗಾಳಿ ಇರಲಿ.

ಇನ್ನು ಚಿಕ್ಕ ಚಿಕ್ಕವು. ಬ್ಯಾಟರಿಯ ಕೊನೆಯಲ್ಲಿ ಬಿಳಿ ಹುಡಿ ಕೂತಿದ್ದರೆ ಬಿಸಿನೀರು, ಅಡಿಗೆ ಸೋಡಾ ಹಾಕಿ ತೊಳೆಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಕೆಂಪುಕಲ್ಲಿನ ಕೋರೆಯ ಕಡೆ ಓಡುವ ಪಿಕಪ್‌ನವರು ಏರ್ ಫಿಲ್ಟರನ್ನು ಬೇರೆಯವರಿಗಿಂತ ಬೇಗ ನೋಡಬೇಕು. ಡೀಸೆಲ್ ಗಾಡಿಯಾದರೆ ಫಿಲ್ಟರಿನಲ್ಲಿ ನಿಂತ ನೀರು ಇಳಿಸಬೇಕು. ಕುಂಬಳೆ, ಮಂಜೇಶ್ವರ ಕಡೆ ಕಡಲ ಬದಿ ಓಡುವವರು ಗಾಡಿಯ ಅಡಿಭಾಗ ತೊಳೆಯಲೇಬೇಕು, ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ. ಹಲಸಿನ ಮರದಡಿ ನಿಲ್ಲಿಸಿದರೆ ವೈಪರಿನ ಬುಡದ ಎಲೆ ತೆಗೆಯಿರಿ. ನೀರಿನಲ್ಲಿ ಎಂಜಿನ್ ಆಫ್ ಆದರೆ ಮಾತ್ರ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ದೂಡಿಕೊಂಡು ಬನ್ನಿ, ನಾಚಿಕೆ ಬೇಡ.

‘ಟ್ಯೂನಿಂಗ್ ಮಾಡಿಸ್ಬೇಕಾ’ ಎಂದು ಕೇಳುತ್ತಾರೆ. ಹಳೇ ಕಾರ್ಬುರೇಟರ್ ಗಾಡಿಗೆ ಬೇಕು. ಕಾರ್ಬುರೇಟರ್ ತೊಳೆದು, ಪ್ಲಗ್ಗಿನ ಅಂತರ, ಟ್ಯಾಪೆಟ್, ಟೈಮಿಂಗ್ ಸರಿ ಮಾಡಿದರೆ ಗಾಡಿ ಹಗುರಾಗಿ ಓಡುತ್ತದೆ. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಆ ಕೆಲಸ ಹೆಚ್ಚಾಗಿ ಕಂಪ್ಯೂಟರೇ ಮಾಡುತ್ತದೆ. ಪ್ಲಗ್, ಫಿಲ್ಟರ್ ಸಮಯಕ್ಕೆ ಬದಲಿಸಿದರೆ ಸಾಕು. ಆದರೆ ಎಂಜಿನ್ ಲೈಟು ಉರಿದರೆ ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ ಮಾರಾಯ್ರೆ, ನಾನು ಅದನ್ನೂ ನೋಡಿದ್ದೇನೆ! ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಬದಲಿಸಿ. ಕೆಲವು ಎಂಜಿನಿನಲ್ಲಿ ಅದು ತುಂಡಾದರೆ ವಾಲ್ವೂ ಪಿಸ್ಟನ್ನೂ ಹೊಡೆದುಕೊಳ್ಳುತ್ತವೆ, ಆಮೇಲೆ ಎಂಜಿನ್ ಕೆಲಸದ ಬಿಲ್ಲು ನೋಡಿ ನಿಮಗೆ ಬೆವರು ಬರುತ್ತದೆ.

ಹಣ ಎಲ್ಲಿಂದ? ಇದು ನ್ಯಾಯದ ಪ್ರಶ್ನೆ. ನಾನು ಮಾಡುವ ಉಪಾಯ ಹೇಳುತ್ತೇನೆ. ಓಡಿದ ಒಂದು ಕಿಲೋಮೀಟರಿಗೆ ಒಂದು ರೂಪಾಯಿ, ರಾತ್ರಿ ಮನೆಗೆ ಬಂದು ಡಬ್ಬಿಗೆ. ಅದು ನನ್ನದಲ್ಲ, ಗಾಡಿಯದ್ದು. ಹಬ್ಬಕ್ಕೂ ಮುಟ್ಟುವುದಿಲ್ಲ. ಒಂದು ನೂರು ಪುಟದ ಪುಸ್ತಕದಲ್ಲಿ ತಾರೀಕು, ಮೀಟರ್, ಮಾಡಿದ ಕೆಲಸ, ಖರ್ಚು ಬರೆದಿಡಿ. ಇನ್ಸೂರೆನ್ಸ್, ಫಿಟ್ನೆಸ್, ಹೊಗೆ ಪರೀಕ್ಷೆಯ ಕೊನೆ ತಾರೀಕನ್ನು ಮೊದಲ ಪುಟದಲ್ಲೇ ಬರೆಯಿರಿ. ವರ್ಕ್‌ಶಾಪಿನಲ್ಲಿ ಬಿಲ್ ಕೇಳಿ, ತೆಗೆದ ಹಳೇ ಸಾಮಾನು ಕೈಗೆ ಕೇಳಿ. ಪುಸ್ತಕ ಹಿಡಿದು ಪ್ರಶ್ನೆ ಕೇಳುವವನಿಗೆ ಮೋಸ ಮಾಡುವುದು ಕಷ್ಟ. ನಮಗೆ ಬಾಬಾಸಾಹೇಬರು ಓದು ಬರಹ ಯಾಕೆ ಬೇಕು ಅಂದರು ಎಂದು ಇಂಥ ಸಣ್ಣ ಜಾಗದಲ್ಲೂ ಗೊತ್ತಾಗುತ್ತದೆ.

ಕೊನೆಗೆ ಸಂಘಕ್ಕೆ ಮೂರು ಕೋರಿಕೆ. ಒಂದು, ಜೂನಿನ ಮಳೆ ಹಿಡಿಯುವ ಮೊದಲು, ಪ್ರತಿ ವರ್ಷ ಮೇ ತಿಂಗಳ ಒಂದು ಆದಿತ್ಯವಾರ ಎಲ್ಲ ಗಾಡಿಗಳನ್ನು ಮೈದಾನಕ್ಕೆ ತರೋಣ. ಬ್ರೇಕ್, ಟಯರ್, ವೈಪರ್, ಲೈಟು, ಹೋಸ್ ನಾನು ನೋಡಿಕೊಡುತ್ತೇನೆ, ಕೂಲಿ ಬೇಡ, ಚಾ ಸಾಕು. ಎರಡು, ಇವತ್ತು ರಾತ್ರಿ ಯಾರ ಗಾಡಿ ತಯಾರು ಎಂದು ಸಂಘದ ಬೋರ್ಡಿನಲ್ಲಿ ದಿನಾ ಬರೆಯೋಣ. ಆ ಗಾಡಿಯಲ್ಲಿ ಅರ್ಧ ಟ್ಯಾಂಕಾದರೂ ಎಣ್ಣೆ ಇರಲಿ, ಟಾರ್ಚ್ ಇರಲಿ, ಕೀ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರಲಿ. ಮೂರು, ಹೆಣ್ಣುಮಕ್ಕಳೂ ಟಯರ್ ಬದಲಿಸಲು ಕಲಿಯಲಿ, ಓಡಿಸಲು ಕಲಿಯಲಿ. ರಾತ್ರಿ ಮನೆಯಲ್ಲಿ ಗಂಡಸರು ಇರಲೇಬೇಕು ಎಂದು ಕಾಯಿಲೆ ಕಾಯುವುದಿಲ್ಲ.

ಮಾವ ಮುಂದಿನ ಸಾಲಿನಲ್ಲಿ ಕೂತು ನಗುತ್ತಾ ಇದ್ದಾರೆ. ನನ್ನ ಓಮ್ನಿ ಹೊರಗೆ ನಿಂತಿದೆ ಮಾವ. ಹೋಸ್ ಹೊಸತು. ಸಭೆ ಮುಗಿದ ಮೇಲೆ ನಿಮ್ಮನ್ನು ನಾನೇ ಮನೆಗೆ ಬಿಡುತ್ತೇನೆ.

ಜೈ ಭೀಮ್.