ಶುಶ್ರೂಷೆಯನ್ನು ಅಳೆಯುವ ಬಗೆ

ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ‘ನರ್ಸಿಂಗ್ ಹೋಂ’ ಎಂಬ ಫಲಕವನ್ನು ಕಂಡರೆ ಕೆಲವೇ ಹಾಸಿಗೆಗಳ ಖಾಸಗಿ ಆಸ್ಪತ್ರೆಯೆಂದು ನಾವು ತಿಳಿಯುತ್ತೇವೆ. ಮುಪ್ಪಿನವರನ್ನು ವರ್ಷಗಟ್ಟಲೆ ಇರಿಸಿಕೊಂಡು ನೋಡಿಕೊಳ್ಳುವ ಮನೆಗೆ ವೃದ್ಧಾಶ್ರಮವೆನ್ನುತ್ತೇವೆ. ಆದರೆ ತಂದೆಗೆ ಲಕ್ವ ಹೊಡೆದು, ಅಥವಾ ತಾಯಿಯು ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಾಗ, ಮಗನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿಯಲ್ಲಿ, ಮಗಳು ಬೆಂಗಳೂರಿನ ಉದ್ಯೋಗದಲ್ಲಿ ಇರುವ ಸಂಸಾರವೊಂದು ಈ ಎರಡರಲ್ಲಿ ಯಾವುದರ ಬಾಗಿಲನ್ನು ತಟ್ಟಿದರೂ ಅದಕ್ಕೆ ಎದುರಾಗುವ ಪ್ರಶ್ನೆ ಒಂದೇ: ಇಲ್ಲಿಯ ಆರೈಕೆ ಒಳ್ಳೆಯದೆಂದು ತಿಳಿಯುವುದು ಹೇಗೆ? ಈ ಹೊತ್ತಿನ ನನ್ನ ಮಾತು ಅದನ್ನು ಕುರಿತದ್ದು.

ಈ ಪ್ರಶ್ನೆಗೆ ನಾವು ಕೊಟ್ಟುಕೊಳ್ಳುವ ಉತ್ತರಗಳು ಸಾಮಾನ್ಯವಾಗಿ ಸುಲಭವಾದವು. ನೆಲಕ್ಕೆ ನುಣುಪಾದ ಗ್ರಾನೈಟ್ ಹಾಸಿದೆ; ವೈದ್ಯರು ಹೆಸರುವಾಸಿ; ವ್ಯವಸ್ಥಾಪಕರ ಮಾತು ಮೃದು; ಬೀಗರ ಕಡೆಯವರೊಬ್ಬರು ಅಲ್ಲಿದ್ದು ಗುಣವಾಗಿ ಬಂದರು. ಇವುಗಳಲ್ಲಿ ಯಾವುದೂ ಸುಳ್ಳಲ್ಲದಿರಬಹುದು. ಆದರೂ ಇವೆಲ್ಲ ನಡೆಯಬಲ್ಲವನಿಗೆ, ಕೇಳಬಲ್ಲವನಿಗೆ, ಹಣ ತೆರುವವನಿಗೆ ಆ ಮನೆಯು ತೋರಿಸುವ ಮುಖ. ತಾನಾಗಿ ಮಗ್ಗುಲು ಹೊರಳಲಾರದ, ನೀರು ಬೇಕೆಂದು ಬಾಯಿಬಿಟ್ಟು ಹೇಳಲಾರದ, ಬೆಳಗ್ಗೆ ತಾನು ಪಟ್ಟ ನೋವನ್ನು ಸಂಜೆಯ ಹೊತ್ತಿಗೆ ಮರೆತುಬಿಡುವ ಜೀವಕ್ಕೆ ಅದೇ ಮನೆಯು ನಡುರಾತ್ರಿಯಲ್ಲಿ ತೋರುವ ಮುಖ ಬೇರೆಯಾಗಿರಬಹುದು. ಆದುದರಿಂದ ಅಲ್ಲಿರುವವರಲ್ಲೆಲ್ಲ ಅತ್ಯಂತ ಅಸಹಾಯಕರಾದವರು ಯಾರೆಂದು ಗುರುತಿಸಿ, ಅವರಿಗೆ ದೊರೆಯುವ ಉಪಚಾರವನ್ನು ನೋಡಿ ಇಡೀ ಸಂಸ್ಥೆಗೆ ಬೆಲೆ ಕಟ್ಟತಕ್ಕದ್ದೆಂಬುದೇ ನಾನು ನಿಮ್ಮ ಮುಂದೆ ಇಡಬಯಸುವ ಸೂತ್ರ.

ಶುಶ್ರೂಷೆಯನ್ನು ಹೀಗೆ ಪ್ರತ್ಯೇಕವಾಗಿ ಪರೀಕ್ಷಿಸುವುದು ಹೊಸ ವಿಚಾರವಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುವಾಗ ಪರಿಚಾರಕನನ್ನು ವೈದ್ಯನ ಅನುಬಂಧವೆಂದು ಎಣಿಸದೆ ಸ್ವತಂತ್ರವಾದ ಒಂದು ಪಾದವಾಗಿ ನಿಲ್ಲಿಸಿ, ಅವನಲ್ಲಿ ಇರತಕ್ಕ ಗುಣಗಳನ್ನೂ ನಾಲ್ಕಾಗಿಯೇ ಹೆಸರಿಸುತ್ತದೆ: ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶೌಚ. ನಮ್ಮ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಮಠವನ್ನು ದೀನಾನಾಥರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ನೀಡುವ ಸ್ಥಾನವೆಂದು ಕೊಂಡಾಡಿದರೆ, ತಮಿಳುನಾಡಿನ ತಿರುಮುಕ್ಕೂಡಲಿನ ದೇವಾಲಯದಲ್ಲಿರುವ, ವೀರರಾಜೇಂದ್ರ ಚೋಳನ ಕಾಲದ ಹನ್ನೊಂದನೆಯ ಶತಮಾನದ ಶಾಸನವು 15 ಹಾಸಿಗೆಗಳ ಆತುರಶಾಲೆಯೊಂದರಲ್ಲಿ ವೈದ್ಯನಿಗೂ ಶಸ್ತ್ರವೈದ್ಯನಿಗೂ ಮಾತ್ರವಲ್ಲದೆ, ಗಿಡಮೂಲಿಕೆ ತರುವವರಿಗೂ ಸೇವೆಗೆ ನಿಂತ ಹೆಂಗಸರಿಗೂ ಸಲ್ಲತಕ್ಕುದನ್ನು, ಇರುಳು ಉರಿಯಬೇಕಾದ ದೀಪದ ಎಣ್ಣೆಯನ್ನು ಸಹ ಬರೆದಿರಿಸಿದೆ. ಒಂದು ಶಾಸನ ಕೀರ್ತಿಯನ್ನು ಹೇಳುತ್ತದೆ, ಇನ್ನೊಂದು ಲೆಕ್ಕವನ್ನು ಕೊಡುತ್ತದೆ. ಪರೀಕ್ಷಕನಿಗೆ ಎರಡನೆಯದೇ ಹೆಚ್ಚು ಪ್ರಯೋಜನಕಾರಿ.

ನಮ್ಮ ಕಾಲದಲ್ಲಿ ಈ ಲೆಕ್ಕಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರು ಅಮೆರಿಕದ ವಿದ್ವಾಂಸರಾದ ಅವೆಡಿಸ್ ಡೊನಬೇಡಿಯನ್. 1966ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಲೇಖನವು ಆರೈಕೆಯ ಗುಣವನ್ನು ರಚನೆ, ಕ್ರಿಯೆ, ಫಲ ಎಂಬ ಮೂರು ನೆಲೆಗಳಲ್ಲಿ ನೋಡಲು ಕಲಿಸಿತು. ಕಟ್ಟಡ, ಮಂಚ, ಸಿಬ್ಬಂದಿಯ ಸಂಖ್ಯೆ ಇವು ರಚನೆ. ರೋಗಿಗೆ ನಿಜವಾಗಿ ಮಾಡಿದ ಉಪಚಾರ ಕ್ರಿಯೆ. ಅದರಿಂದ ಅವನಿಗೆ ಉಂಟಾದ ಒಳಿತು ಕೆಡುಕುಗಳು ಫಲ. ಹೊರಗಿನಿಂದ ಬಂದವನ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಉಳಿದೆರಡನ್ನು ಕೇಳಿಯೂ ಮುಟ್ಟಿಯೂ ತಿಳಿಯಬೇಕು. ಹೇಗೆಂಬುದನ್ನು ಚರಕನ ನಾಲ್ಕು ಗುಣಗಳ ಕ್ರಮವನ್ನು ತುಸು ಬದಲಿಸಿಕೊಂಡು ನೋಡೋಣ.

ಮೊದಲು ಶೌಚ. ಮನೆಯೊಳಗೆ ಮೂತ್ರದ ವಾಸನೆ ಇರಬಾರದೆಂಬುದು ಸರಿಯೇ. ಆದರೆ ಫಿನಾಯಿಲಿನ ದಟ್ಟವಾದ ವಾಸನೆಯೂ ಶುಚಿತ್ವಕ್ಕೆ ಸಾಕ್ಷಿಯಲ್ಲ. ಹಾಸಿಗೆ ಹಿಡಿದವರ ಉಗುರು, ಬಾಯಿ, ನಾಲಗೆ, ಕಂಕುಳು, ಬೆನ್ನಿನ ಅಡಿಯ ಬಟ್ಟೆ ಇವನ್ನು ನೋಡಬೇಕು. ಆಯಾ ಒಬ್ಬರನ್ನು ಮುಟ್ಟಿದ ಮೇಲೆ ಮತ್ತೊಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯುವಳೋ ಇಲ್ಲವೋ ಎಂಬುದನ್ನು ಗಮನಿಸಬೇಕು. ಮೂತ್ರದ ಕೊಳವೆಯನ್ನು ಹಾಕಿದ್ದರೆ ಅದು ಯಾವ ಕಾರಣಕ್ಕೆಂದು, ಯಾವಾಗ ತೆಗೆಯುವರೆಂದು ಕೇಳಬೇಕು. ಪದೇಪದೇ ಬಟ್ಟೆ ಬದಲಿಸುವ ಶ್ರಮವನ್ನು ಉಳಿಸಿಕೊಳ್ಳುವುದಕ್ಕಾಗಿ ಹಾಕಿಟ್ಟ ಕೊಳವೆಯು ದಿನ ಕಳೆದಂತೆ ಸೋಂಕಿಗೆ ದಾರಿಯಾಗುತ್ತದೆ.

ಎರಡನೆಯದು ದಕ್ಷತೆ. ಇದನ್ನು ಅಳೆಯಲು ರೋಗಿಯ ಚರ್ಮಕ್ಕಿಂತ ನಂಬಿಕೆಯ ಸಾಕ್ಷಿ ಮತ್ತೊಂದಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದವರ ಟೊಂಕ, ಪೃಷ್ಠ, ಹಿಮ್ಮಡಿಗಳಲ್ಲಿ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಹಾಸಿಗೆ ಹುಣ್ಣು ಹುಟ್ಟುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಬೆರಳಿಂದ ಒತ್ತಿದರೂ ಮಾಸದ ಕೆಂಪು ಇದರ ಮೊದಲ ಗುರುತು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಸುಲಭವಾಗಿ ಕಾಣದಾದ್ದರಿಂದ ಆ ಭಾಗವು ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಇಂಗ್ಲೆಂಡಿನ ದಾದಿ ಡೊರೀನ್ ನಾರ್ಟನ್ ಅವರು 1962ರಲ್ಲಿ ಪ್ರಚಾರಕ್ಕೆ ತಂದ ಮಾಪನವು ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಅಂಗಾಂಗಗಳ ಚಲನೆ, ಮಲಮೂತ್ರಗಳ ಹಿಡಿತ ಎಂಬ ಐದಕ್ಕೆ ತಲಾ 4ರವರೆಗೆ ಅಂಕ ಕೊಟ್ಟು, ಒಟ್ಟು 20ರಲ್ಲಿ 14 ಅಥವಾ ಅದಕ್ಕೂ ಕಡಮೆ ಬಂದವರಿಗೆ ಹುಣ್ಣಿನ ಅಪಾಯ ಹೆಚ್ಚೆಂದು ಎಣಿಸುತ್ತದೆ. ಕಾಗದ, ಪೆನ್ಸಿಲುಗಳ ಹೊರತು ಬೇರೇನನ್ನೂ ಬೇಡದ ಈ ಕ್ರಮವನ್ನು ಸಂಡೂರಿನ ಅತಿ ಚಿಕ್ಕ ಆಸ್ಪತ್ರೆಯೂ ಅನುಸರಿಸಬಹುದು.

ಚರ್ಮದ ತರುವಾಯ ನೀರು ಮತ್ತು ತೂಕ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ, ಬಿಸಿಲು 40 ಡಿಗ್ರಿಯನ್ನು ಮುಟ್ಟುವ ನಮ್ಮ ಸೀಮೆಯ ಬೇಸಗೆಯಲ್ಲಿ, ಕೇಳಿದಾಗ ನೀರು ಕೊಡುತ್ತೇವೆಂಬ ಉತ್ತರ ಸಾಲದು. ಕೇಳದಿದ್ದರೂ ಹೊತ್ತುಹೊತ್ತಿಗೆ ಕುಡಿಸುವರೇ ಎಂದು ನೋಡಬೇಕು. ಇನ್ನು ತೂಕ: ತಿಂಗಳೊಂದರಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿದರೆ ಅದನ್ನು ಗಂಭೀರವಾಗಿ ಭಾವಿಸತಕ್ಕದ್ದೆಂಬುದು ವೈದ್ಯರಲ್ಲಿ ರೂಢವಾದ ನಿಯಮ. 50 ಕಿಲೋ ತೂಗುತ್ತಿದ್ದ ತಾಯಿಯು ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡಿದ್ದರೆ ‘ಅವರು ಸರಿಯಾಗಿ ಉಣ್ಣುವುದಿಲ್ಲ’ ಎಂಬ ಮಾತು ಸಮಾಧಾನವಾಗಲಾರದು. ಹಲ್ಲಿಲ್ಲದ ಬಾಯಿಗೆ ಜೋಳದ ರೊಟ್ಟಿಯನ್ನು ಇಟ್ಟು, ಅರ್ಧ ಗಂಟೆಯ ಮೇಲೆ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಹೋದರೇ, ಇಲ್ಲವೆ ಅದನ್ನು ಹಾಲಿನಲ್ಲೋ ಬೇಳೆಯ ಕಟ್ಟಿನಲ್ಲೋ ನೆನೆಸಿ ತುತ್ತುತುತ್ತಾಗಿ ತಿನ್ನಿಸಿದರೇ ಎಂಬುದು ಊಟದ ಹೊತ್ತಿಗೆ ಹೋದವನಿಗೆ ಮಾತ್ರ ತಿಳಿಯುತ್ತದೆ.

ಮೂರನೆಯದು ಉಪಚಾರದ ತಿಳಿವು. ಬಿಳಿಯ ಉಡುಪು ತೊಟ್ಟವರೆಲ್ಲರೂ ನರ್ಸುಗಳಲ್ಲ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಎಷ್ಟು ಮಂದಿ, ಅವರಲ್ಲಿ ರಾತ್ರಿಯ ಪಾಳಿಯಲ್ಲಿ ಉಳಿಯುವವರು ಯಾರು, ನಡುರಾತ್ರಿಯಲ್ಲಿ ಉಸಿರು ಕಟ್ಟಿದರೆ ಯಾವ ವೈದ್ಯರಿಗೆ ತಿಳಿಸುವರು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸಾಗಿಸಲು ವಾಹನವೇನು ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. ಔಷಧಗಳ ಪಟ್ಟಿಯನ್ನು ನೋಡಿ, ಹಗಲೆಲ್ಲ ಮಂಪರಿನಲ್ಲಿರುವ ವೃದ್ಧರಿಗೆ ನಿದ್ರೆಯ ಗುಳಿಗೆಯನ್ನು ಕೊಡುತ್ತಿರುವುದು ರೋಗಕ್ಕಾಗಿಯೋ ಸಿಬ್ಬಂದಿಯ ನೆಮ್ಮದಿಗಾಗಿಯೋ ಎಂದು ವೈದ್ಯರನ್ನೇ ವಿಚಾರಿಸಬೇಕು. ಅನುಕೂಲಕ್ಕಾಗಿ ರೋಗಿಯನ್ನು ಹಗ್ಗದಿಂದಲಾಗಲಿ ಮದ್ದಿನಿಂದಲಾಗಲಿ ಕಟ್ಟಿಹಾಕಕೂಡದೆಂದು ಅಮೆರಿಕವು 1987ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತೆಂದರೆ ಈ ಕೆಡುಕು ಸಂಪನ್ನ ದೇಶಗಳಲ್ಲಿಯೂ ಎಷ್ಟು ಬೇರೂರಿತ್ತೆಂಬುದನ್ನು ಊಹಿಸಬಹುದು.

ಕಡೆಯದು ಅನುರಾಗ, ಅಳತೆಗೆ ಸಿಕ್ಕದೆಂದು ಎಲ್ಲರೂ ಕೈಬಿಡುವ ಗುಣ. ಆದರೂ ಅದಕ್ಕೆ ಲಕ್ಷಣಗಳುಂಟು. ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಮಾತುಗಳು ಕಲೆತಿರುವ ಈ ಪ್ರದೇಶದಲ್ಲಿ, ತಾಂಡಾದಿಂದ ಬಂದ ಮುದುಕಿಗೆ ಅವಳ ಮಾತಿನಲ್ಲಿ ಎರಡು ನುಡಿ ಆಡುವವರು ಯಾರಾದರೂ ಇರುವರೇ? ‘ಅಜ್ಜಾ’, ‘ಅವ್ವಾ’ ಎಂದು ಕರೆಯುವರೋ, ‘ಮೂರನೇ ಬೆಡ್ಡು’ ಎನ್ನುವರೋ? ಮೈ ಒರೆಸುವಾಗ ಪರದೆ ಎಳೆಯುವರೇ? ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರು ಎಳೆಯುವ ದಿನ, ಬಾಳೆಲ್ಲ ಅದನ್ನು ತಪ್ಪಿಸದಿದ್ದ ವೃದ್ಧರಿಗೆ ಅಂದು ತೇರೆಂಬುದನ್ನಾದರೂ ನೆನಪಿಸುವರೇ? ಇವೆಲ್ಲ ಚಿಕ್ಕ ಸಂಗತಿಗಳು. ಆದರೆ ಇವು ಇದ್ದ ಕಡೆ ಉಳಿದ ಮೂರು ಗುಣಗಳು ಹೇಳಿಸಿಕೊಳ್ಳದೆಯೇ ಬರುತ್ತವೆ.

ಕಾನೂನಿನ ಬೆಂಬಲವೂ ನಮಗುಂಟು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನರ್ಸಿಂಗ್ ಹೋಂ ನೋಂದಣಿಯಾಗಿರಬೇಕು, ದರಗಳನ್ನು ಕಾಣುವಂತೆ ಪ್ರಕಟಿಸಬೇಕು; 2017ರ ತಿದ್ದುಪಡಿಯು ರೋಗಿಗಳ ದೂರುಗಳನ್ನು ಕೇಳಲು ಜಿಲ್ಲಾ ಪ್ರಾಧಿಕಾರವನ್ನು ಏರ್ಪಡಿಸಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಕಾರಣ ಹೊಸಪೇಟೆ, ಹಂಪಿಗಳವರು ಹೊಸಪೇಟೆಯ ಜಿಲ್ಲಾಡಳಿತಕ್ಕೂ ಸಂಡೂರು, ಕಂಪ್ಲಿಗಳವರು ಬಳ್ಳಾರಿಗೂ ದೂರು ಕೊಡಬೇಕೆಂಬುದನ್ನು ನೆನಪಿಡತಕ್ಕದ್ದು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಕೇಂದ್ರ ಕಾಯಿದೆಯು ಹಿರಿಯರನ್ನು ತೊರೆದುಬಿಡುವುದನ್ನು ಅಪರಾಧವೆಂದು ಸಾರುತ್ತದೆ. 14567 ಎಂಬ ದೂರವಾಣಿ ಸಂಖ್ಯೆಯು ಹಿರಿಯರ ಸಹಾಯಕ್ಕಾಗಿಯೇ ಇದೆ.

ಆದರೆ ಪರೀಕ್ಷಕನಿಗೂ ನ್ಯಾಯಬುದ್ಧಿ ಬೇಕು. ಪ್ರಾಣಾಂತ್ಯದ ದಿನಗಳಲ್ಲಿ ಎಷ್ಟು ಜತನ ಮಾಡಿದರೂ ಚರ್ಮ ಒಡೆಯಬಹುದು. ಎಷ್ಟು ಕಾದರೂ ವೃದ್ಧರು ಬೀಳಬಹುದು. ‘ನಮ್ಮಲ್ಲಿ ಯಾರೂ ಬಿದ್ದದ್ದೇ ಇಲ್ಲ’ ಎನ್ನುವ ಮನೆಗಿಂತ, ಬಿದ್ದ ದಿನವೇ ನಿಮಗೆ ತಿಳಿಸಿ, ಏಕೆ ಬಿದ್ದರು, ಮುಂದೇನು ಮಾಡಿದೆವು ಎಂದು ಹೇಳುವ ಮನೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಅಲ್ಲದೆ, ಅಲ್ಪ ಸಂಬಳಕ್ಕೆ ಒಬ್ಬಳೇ ಆಯಾ ಇರುಳೆಲ್ಲ ಹತ್ತಾರು ಜನರ ಮಗ್ಗುಲು ಬದಲಿಸಬೇಕೆಂದು ನಿರೀಕ್ಷಿಸುವುದು ಶುಶ್ರೂಷೆಯನ್ನು ಬಯಸುವ ರೀತಿಯಲ್ಲ. ಕಡಮೆ ದರವನ್ನೇ ಹುಡುಕುವ ನಾವೂ ಆ ಕೊರತೆಯಲ್ಲಿ ಪಾಲುದಾರರು.

ನೀವು ಒಂದು ಸಂಸ್ಥೆಯನ್ನು ನೋಡಲು ಹೋದಾಗ, ಬೇರೆಬೇರೆ ಹೊತ್ತಿನಲ್ಲಿ, ಮುಂಚಿತವಾಗಿ ತಿಳಿಸದೆ ಹೋಗಿ; ಮತ್ತು ಅಲ್ಲಿ ನೆಂಟರಾರೂ ಬರದ, ಹಣ ತೆರುವವರಾರೂ ಇಲ್ಲದ ಒಬ್ಬರು ಇರುವರೇ ಎಂದು ವಿಚಾರಿಸಿ ಅವರ ಬಳಿ ಕುಳಿತುಕೊಳ್ಳಿ. ಅವರ ಚರ್ಮ, ನಾಲಗೆ, ಬಟ್ಟೆ, ಮಾತು ಇವು ಚೆನ್ನಾಗಿದ್ದರೆ ನಿಮ್ಮ ತಾಯಿಯನ್ನು ಧೈರ್ಯವಾಗಿ ಅಲ್ಲಿ ಇರಿಸಬಹುದು. ಇರಿಸಿದ ಮೇಲೆಯೂ, ತಾಯಿಯನ್ನು ಕಾಣಲು ಹೋದಾಗಲೆಲ್ಲ ಅವರನ್ನೂ ಕಂಡು ಬನ್ನಿ. ಕೇಳುವವರಿಲ್ಲದವರನ್ನು ಕೇಳುವ ಜನ ಇರುವ ಕಡೆ ಶುಶ್ರೂಷೆ ಕೆಡುವುದು ಅಷ್ಟು ಸುಲಭವಲ್ಲ.