ಹಿತ್ತಿಲ ಕೋಳಿಯೂ ನೆರೆಮನೆಯ ನಾಯಿಯೂ



ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದೊಡನೆ ವಿದ್ಯಾವಂತರ ಮನಸ್ಸು ದೊಡ್ಡ ವಿಷಯಗಳ ಕಡೆಗೆ ಹರಿಯುವುದು ಸಹಜ. ಸಿಂಧನೂರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ ಮತ್ತು ಬತ್ತ. ಲಿಂಗಸುಗೂರೆಂದರೆ ಹಟ್ಟಿಯ ಚಿನ್ನದ ಗಣಿ. ಮಸ್ಕಿಯೆಂದರೆ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನು ಹೊತ್ತ ಶಿಲಾಶಾಸನ. ಈ ಮೂರು ಊರುಗಳ ಹಿತ್ತಿಲುಗಳಲ್ಲಿ ಕೆಲವು ಮುಂಜಾವುಗಳಲ್ಲಿ ಚೆದರಿ ಬಿದ್ದಿರುವ ಗರಿಗಳ ವಿಷಯವನ್ನು ಇಂದು ನಾವು ಪ್ರಸ್ತಾಪಿಸುತ್ತೇವೆ. ಅದೇ ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಹುಂಜಗಳ ಬೀಜ ತೆಗೆಯಕೂಡದೆಂಬ ಆಜ್ಞೆಯುಂಟು. ಚಕ್ರವರ್ತಿಯೇ ಹುಂಜದ ಯೋಗಕ್ಷೇಮವನ್ನು ಕಲ್ಲಿನಲ್ಲಿ ಕೆತ್ತಿಸಿರುವಾಗ ನಾವು ಬಾನುಲಿಯಲ್ಲಿ ಕೋಳಿಯ ಮಾತನ್ನಾಡಲು ನಾಚಬೇಕಾದ ಕಾರಣವಿಲ್ಲ.

ಒಂದು ಕೋಳಿ ಸತ್ತರೆ ಏನು ಮಹಾ ನಷ್ಟವೆಂದು ನಗುವವರುಂಟು. ಅವರು ಕೋಳಿಯ ಲೆಕ್ಕವನ್ನು ಬಲ್ಲವರಲ್ಲ. ಜವಾರಿ ಕೋಳಿ ವರ್ಷಕ್ಕೆ ಸುಮಾರು 60ರಿಂದ 80 ತತ್ತಿಗಳನ್ನಿಡುತ್ತದೆ. 21 ದಿನ ಕಾವು ಕುಳಿತು ಮರಿ ಮಾಡುತ್ತದೆ. ಮರಿಗಳನ್ನು ಹದ್ದಿನಿಂದ ಕಾಯ್ದು ಬೆಳೆಸುತ್ತದೆ. ಅದು ಸತ್ತರೆ ಹಿಂದೆಯೇ ಮರಿಗಳೂ ಹೋಗುತ್ತವೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ಹೊಲದ ಫಸಲಿನ ಹಣ ಬಹುತೇಕ ಮನೆಯ ಗಂಡಸರ ಕೈಸೇರುತ್ತದೆ. ತತ್ತಿಯ ಹಣವಾದರೋ ಹೆಂಗಸಿನ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಆಕೆಗೆ ಅದೊಂದೇ ಇರಬಹುದು. ನೆರೆಯವರ ನಾಯಿ ಕಚ್ಚಿದ್ದು ಆ ಗಂಟನ್ನು.

ಹೊಟ್ಟೆ ತುಂಬಿದ ಸಾಕುನಾಯಿಯೇ ಐದಾರು ಕೋಳಿಗಳನ್ನು ಕೊಂದು, ಒಂದನ್ನೂ ತಿನ್ನದೆ ಹೊರಟುಹೋಗುವುದುಂಟು. ಓಡುವುದನ್ನು ಅಟ್ಟುವುದು, ರೆಕ್ಕೆ ಬಡಿಯುವುದನ್ನು ಹಿಡಿಯುವುದು ಅದರ ಹುಟ್ಟುಗುಣ. ಮುಧೋಳದ ಬೇಟೆನಾಯಿಯಂಥ ತಳಿಗಳಂತೂ ಕಣ್ಣನ್ನು ನಚ್ಚಿ ಬೇಟೆಯಾಡುವವು. ಚಲಿಸುವುದು ಕಂಡರೆ ಸಾಕು, ಕಾಲು ನಿಲ್ಲದು. ಆದುದರಿಂದ “ನಾವು ಹೊಟ್ಟೆತುಂಬ ಹಾಕುತ್ತೇವೆ” ಎಂಬ ಯಜಮಾನನ ಸಮಾಧಾನಕ್ಕೆ ಅರ್ಥವಿಲ್ಲ. ಒಮ್ಮೆ ಅಟ್ಟಿದ ರುಚಿಯನ್ನು ಕಂಡ ನಾಯಿ ಮರಳಿ ಬರುತ್ತದೆ. ಹೊತ್ತು ಕಳೆದ ಮೇಲೆ ಅದನ್ನು ಬಡಿದರೆ ಪೆಟ್ಟು ಏತಕ್ಕೆ ಬಿದ್ದಿತೆಂದು ಅದಕ್ಕೆ ತಿಳಿಯದು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ ಕೊಳೆಯಿಸುವ ಚಿಕಿತ್ಸೆಯನ್ನೂ ಕೆಲವರು ಹೇಳುವುದುಂಟು. ಅದರಿಂದ ಓಣಿಯೆಲ್ಲ ನಾರುತ್ತದೆಯೇ ಹೊರತು ಗುಣವೇನೂ ಕಾಣದು. ಹಗ್ಗದಲ್ಲಿ ಹಿಡಿದು, ದೂರದಿಂದ ಕೋಳಿಗಳನ್ನು ತೋರಿಸುತ್ತ, ಸುಮ್ಮನಿದ್ದಾಗ ತಿಂಡಿಯಿತ್ತು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬಹುದು. ಆಮೇಲೂ ಅದನ್ನು ಕೋಳಿಗಳ ನಡುವೆ ಒಂಟಿಯಾಗಿ ಬಿಡಲಾಗದು.

ಇನ್ನು ಜಗಳದ ಮಾತು. “ಯಕ್ಕಾ, ನಮ್ಮ ನಾಯಿ ಅಂಥಾದ್ದಲ್ಲ ಬಿಡು, ಬೀದಿನಾಯಿ ಇರಬೇಕು” ಎಂಬುದು ಮೊದಲ ಉತ್ತರ. ಬೀದಿನಾಯಿಯೇ ಆಗಿದ್ದರೆ ಊರಿನ ಪೌರಸಂಸ್ಥೆಗೆ ತಿಳಿಸತಕ್ಕದ್ದು. ಅದು ಬೇರೆಯ ಪ್ರಕರಣ. ಕಣ್ಣಾರೆ ಕಂಡಿದ್ದರೆ ಸತ್ತ ಕೋಳಿಯನ್ನು ಮುಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಅದೇ ಸಂಜೆ, ಕೂಗಾಡದೆ, ಓಣಿಯ ಹಿರಿಯರೊಬ್ಬರ ಎದುರಿನಲ್ಲಿ ಹೇಳಬೇಕು. ಇದನ್ನು ನಾವು ಒತ್ತಿ ಹೇಳಲು ಕಾರಣವುಂಟು. ನಾಯಿಯ ದುರಭ್ಯಾಸವನ್ನು ತಿಳಿದೂ ಬಿಟ್ಟವನು ಹಾನಿಗೆ ಹೊಣೆಯೆಂಬುದು ಇಂಗ್ಲಿಷ್ ನ್ಯಾಯಪದ್ಧತಿಯಿಂದ ನಮ್ಮಲ್ಲಿಗೆ ಬಂದ ಹಳೆಯ ತತ್ತ್ವ. ಮೊದಲನೆಯ ಕೋಳಿ ಸತ್ತಾಗ “ನನಗೆ ತಿಳಿದಿರಲಿಲ್ಲ” ಎನ್ನಬಹುದು. ಸಾಕ್ಷಿಯ ಎದುರಿನಲ್ಲಿ ತಿಳಿಸಿದ ಮೇಲೆ ಎರಡನೆಯ ಕೋಳಿಗೆ ಆ ಮಾತು ನಡೆಯದು. ಒಂದು ಕೋಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿರೆಂದು ನಾವು ಹೇಳುತ್ತಿಲ್ಲ. ವಕೀಲರ ಫೀಜಿಗೆ ಹಿತ್ತಿಲೇ ಸಾಲದು.

ಕೇಳಬೇಕಾದ ಪರಿಹಾರವು ಮಾಂಸದ ತೂಕದ ಬೆಲೆಯಲ್ಲ. ತತ್ತಿಯಿಡುವ ಹೇಟೆ ಹೋಗಿದ್ದರೆ ತತ್ತಿಯಿಡುವ ಹೇಟೆಯನ್ನೇ ತಂದುಕೊಡಲಿ. ಹಣ ಎಣಿಸುವಾಗ ಮನಸ್ಸು ಕಹಿಯಾಗುವುದುಂಟು; ಕೋಳಿಗೆ ಕೋಳಿ ಕೊಟ್ಟಲ್ಲಿ ಮಾತು ಬೇಗ ಮುಗಿಯುತ್ತದೆ.

ವಿಷವಿಡುವ ಯೋಚನೆ ಮಾತ್ರ ಕೂಡದು. ವಿಷ ಸವರಿದ ತುಣುಕನ್ನು ಕಾಗೆ ಎತ್ತಿಕೊಂಡು ಇನ್ನೊಂದು ಅಂಗಳದಲ್ಲಿ ಹಾಕಬಹುದು. ಅಲ್ಲಿ ಮಗು ಆಡುತ್ತಿರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೇಡೆಣಿಸಿ ಕೊಲ್ಲುವುದಕ್ಕೆ, ವಿಷವಿಕ್ಕುವುದಕ್ಕೆ ಐದು ವರ್ಷದವರೆಗೂ ಸೆರೆಯುಂಟು. ಕೋಳಿ ಕಳೆದುಕೊಂಡವಳೇ ಅಪರಾಧಿಯಾಗಿ ನಿಲ್ಲುವ ವಿಪರೀತ ಅದು.

ಕೋಳಿ ಸಾಕುವವರಿಗೂ ಕೆಲಸವಿದೆ. ಕೋಳಿಮರಿ ಹೊರಬಾರದಂತೆ ತಡೆಯುವ ತೆಳು ಜಾಲರಿ ನಾಯಿಯನ್ನು ತಡೆಯದು, ಹಲ್ಲಿನಿಂದ ಹರಿದುಬಿಡುತ್ತದೆ. ದಪ್ಪ ತಂತಿಯ ಜಾಲರಿ ಬೇಕು, ಅದರ ಬುಡವನ್ನು ಹೊರಮುಖವಾಗಿ ಮಡಿಸಿ ನೆಲದಲ್ಲಿ ಹೂಳಬೇಕು. ನಾಯಿ ಮೇಲೆ ಹಾರುವುದಕ್ಕಿಂತ ಕೆಳಗೆ ಕೆದರುವುದೇ ಹೆಚ್ಚು. ಹಣವಿಲ್ಲದವರಿಗೆ ರಾಯಚೂರು ಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳಿಗೆ ಬರವಿಲ್ಲ. ಜವಾರಿ ಕೋಳಿ ಹಾರಿ ಬೇವಿನ ಕೊಂಬೆ ಏರಿ ಬದುಕೀತು. ಗಿರಿರಾಜದಂಥ ಮೈಭಾರದ ಕೋಳಿಗೆ ಆ ಚಳಕವಿಲ್ಲ. ಅದಕ್ಕೆ ಗೂಡು ಗಟ್ಟಿಯಾಗಿಯೇ ಇರಬೇಕು, ಕದಕ್ಕೆ ಚಿಲಕವಿರಬೇಕು.

ಎಲ್ಲಕ್ಕಿಂತ ಅಗ್ಗವಾದುದು ಎರಡು ಮನೆಗಳ ನಡುವಿನ ಹೊತ್ತಿನ ಒಪ್ಪಂದ. ನಾಯಿಯನ್ನು ಕಟ್ಟುವ ಮುನ್ನ ಇವರು ಕೋಳಿ ಬಿಡಕೂಡದು. ಕೋಳಿಗಳು ಗೂಡು ಸೇರುವ ಮುನ್ನ ಅವರು ಸರಪಳಿ ಕಳಚಕೂಡದು. ಬಿಸಿಲೇರುವ ಮುನ್ನ ಅಕ್ಕನೊಬ್ಬಳು ಗೋಡೆಯಾಚೆಗೆ “ಕಟ್ಟೀರೇನ್ರೀ?” ಎಂದು ಕೇಳಿ, “ಹೂಂ, ಬಿಡ್ರಿ” ಎಂಬ ಉತ್ತರ ಬಂದ ಮೇಲೆ ಗೂಡಿನ ಕದ ತೆರೆದರೆ ಸಾಕು.